ಜಲಾಶಯದ ಸವಕಳಿ, ಸಿಂಧನೂರಿನ ವ್ಯಾಪಾರ

ಯಂತ್ರ, ಕಟ್ಟಡ, ವಾಹನಗಳಿಗೆ ವರ್ತಕರು ಪ್ರತಿವರ್ಷ ಸವಕಳಿ ಬರೆಯುತ್ತಾರೆ. ಆದರೆ ಸಿಂಧನೂರಿನ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ ಹಾಗೂ ದಲ್ಲಾಳಿ ಮಳಿಗೆಗಳು ಯಾವ ಆಸ್ತಿಯನ್ನು ನಂಬಿ ನಿಂತಿವೆಯೋ, ಅದರ ಸವಕಳಿ ಯಾವ ಖಾತೆಯಲ್ಲಿಯೂ ಕಾಣಿಸದು. ಆ ಆಸ್ತಿಯೇ ತುಂಗಭದ್ರಾ ಜಲಾಶಯ.

ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ 2016ರ ಸಮೀಕ್ಷೆಯ ವೇಳೆಗೆ 105.788 ಟಿಎಂಸಿಗೆ ಇಳಿದಿತ್ತು. ಅಂದರೆ ಮೂಲ ಸಾಮರ್ಥ್ಯದ ಐದನೇ ಒಂದು ಭಾಗ ಕರಗಿಹೋಗಿದೆ. ಇದರ ಎಡದಂಡೆ ಕಾಲುವೆಯೇ ಸಿಂಧನೂರು ಭಾಗದ ಭತ್ತಕ್ಕೂ ನಗರದ ಕುಡಿಯುವ ನೀರಿಗೂ ಮುಖ್ಯ ಆಧಾರ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ನಂತರದ ಮಳೆಗೆ ಜಲಾಶಯ ಮತ್ತೆ ತುಂಬಿತಾದರೂ, 2025ರಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತಗೊಳಿಸಲಾಯಿತು. ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ಅದೇ ವರ್ಷದ ನವೆಂಬರ್‌ನಲ್ಲಿ ನಿರ್ಧರಿಸಲಾಯಿತು.

ಇದರ ಪರಿಣಾಮ ಹೊಲಕ್ಕಷ್ಟೇ ಸೀಮಿತವಲ್ಲ. ಬಿತ್ತನೆಗೆ ಮೊದಲು ಕೊಟ್ಟ ಉದ್ರಿ ಕಟಾವಿನ ನಂತರ ವಸೂಲಾಗುವುದು ಇಲ್ಲಿಯ ರೂಢಿ. ಮೊದಲ ಬೆಳೆಯಲ್ಲಿ ಉಳಿದ ಬಾಕಿಯನ್ನು ಎರಡನೇ ಬೆಳೆ ತೀರಿಸುತ್ತದೆ. ಆ ಬೆಳೆಯೇ ಇಲ್ಲವಾದಾಗ ಬಾಕಿ ಮುಂದಿನ ಮುಂಗಾರಿನವರೆಗೆ ಎಳೆಯುತ್ತದೆ. ಉದಾಹರಣೆಗೆ, 10 ಲಕ್ಷ ರೂಪಾಯಿ ಬಾಕಿ ಆರು ತಿಂಗಳು ತಡವಾದರೆ, ಶೇ. 12ರ ದರದಲ್ಲಿ ಬಡ್ಡಿಯೇ 60,000 ರೂಪಾಯಿ. ಇತ್ತ ಗಿರಣಿಗೆ ಭತ್ತವಿಲ್ಲದಿದ್ದರೂ ಸಾಲದ ಕಂತು, ವಿದ್ಯುತ್ತಿನ ನಿಗದಿತ ಶುಲ್ಕ, ಕಾಯಂ ನೌಕರರ ವೇತನ ನಿಲ್ಲುವುದಿಲ್ಲ.

ಆದ್ದರಿಂದ ಎರಡನೇ ಬೆಳೆಯ ಉದ್ರಿಯ ಮಿತಿಯನ್ನು ನೀರಾವರಿ ಸಲಹಾ ಸಮಿತಿಯ ತೀರ್ಮಾನ ಹೊರಬಿದ್ದ ನಂತರವೇ ನಿರ್ಧರಿಸುವುದು ಲೇಸು. ಕಾಲುವೆಯ ಕೊನೆಯ ಭಾಗದ ಗ್ರಾಹಕರ ಬಾಕಿಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಒಳ್ಳೆಯ ವರ್ಷದ ಲಾಭದಲ್ಲಿ ಒಂದಂಶವನ್ನು ನೀರಿಲ್ಲದ ಹಂಗಾಮಿಗೆಂದು ಮೀಸಲಿಡಬೇಕು. ಕುಸುಬಲಕ್ಕಿ ಗಿರಣಿಗಳು ಭತ್ತ ನೆನೆಸಿದ ನೀರನ್ನು ಶುದ್ಧೀಕರಿಸಿ ಮರುಬಳಸಿದರೆ ಅಷ್ಟರ ಮಟ್ಟಿಗೆ ನಗರದ ಜಲಮೂಲದ ಮೇಲಿನ ಹೊರೆ ತಗ್ಗುತ್ತದೆ.

ಹೂಳಿನ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ನಿರ್ಮಿಸುವ ಪ್ರಸ್ತಾವವಿದೆ. ತುಂಗಭದ್ರೆಯ ನೀರು ಅಂತರರಾಜ್ಯ ಹಂಚಿಕೆಗೆ ಒಳಪಟ್ಟಿರುವುದರಿಂದ ನೆರೆರಾಜ್ಯಗಳ ಒಪ್ಪಿಗೆಯೂ ಅಗತ್ಯ. ಈ ಬೇಡಿಕೆಯನ್ನು ರೈತರೇ ಮಂಡಿಸಲಿ ಎಂದು ವರ್ತಕರು ಸುಮ್ಮನಿರುವುದು ಸರಿಯಲ್ಲ. ಕಾಲುವೆಯ ನೀರು ಪೇಟೆಯ ದುಡಿಯುವ ಬಂಡವಾಳವೂ ಹೌದು.