ನೇಪಲ್ಸಿನ ಗೋದಲಿಯಲ್ಲೊಂದು ಛತ್ರ

ಇಟಲಿಯ ಕ್ರಿಸ್ತಜಯಂತಿ ಎಂದೊಡನೆ ನಮ್ಮ ಕಥೋಲಿಕ ಕುಟುಂಬಗಳ ಮನಸ್ಸು ಸಹಜವಾಗಿಯೇ ರೋಮ್ ನಗರದ ಸಂತ ಪೇತ್ರರ ಮಹಾದೇವಾಲಯದತ್ತ ಹೊರಳುತ್ತದೆ. ಆದರೆ ಗೋದಲಿಯನ್ನು ಕಣ್ತುಂಬ ಕಾಣಬೇಕೆಂಬ ಹಂಬಲವುಳ್ಳವರು ಇನ್ನೂ ದಕ್ಷಿಣಕ್ಕೆ, ವೆಸೂವಿಯಸ್ ಜ್ವಾಲಾಮುಖಿಯ ಸಮೀಪದ ಕಡಲತೀರದಲ್ಲಿರುವ ನೇಪಲ್ಸ್ ನಗರಕ್ಕೆ ಹೋಗಬೇಕು.

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಬೆತ್ಲೆಹೇಮಿನ ದೃಶ್ಯವನ್ನು ಏರ್ಪಡಿಸಿದ ಸಂಗತಿ ನಮಗೆಲ್ಲ ತಿಳಿದದ್ದೇ. ನೇಪಲ್ಸಿನವರು ಆ ಬೆತ್ಲೆಹೇಮಿನ ಸುತ್ತ ತಮ್ಮ ಊರನ್ನೇ ಕಟ್ಟಿಬಿಟ್ಟರು! 18ನೆಯ ಶತಮಾನದಲ್ಲಿ, ಬೂರ್ಬೊನ್ ವಂಶದ ದೊರೆ ಚಾರ್ಲ್ಸನ ಆಸಕ್ತಿಯಿಂದ ಈ ಕಲೆ ಉತ್ತುಂಗಕ್ಕೇರಿತು. ಸುಟ್ಟ ಮಣ್ಣಿನ ತಲೆ, ಗಾಜಿನ ಕಣ್ಣು, ಮರದ ಕೈಕಾಲು, ತಂತಿಗೆ ನಾರು ಸುತ್ತಿದ ಮೈ, ಮೇಲೊಂದು ಅಳತೆಗೆ ಹೊಲಿದ ಬಟ್ಟೆ. ಹೀಗೆ ಮೀನುಗಾರ, ಕಟುಕ, ಹಣ್ಣು ಮಾರುವವಳು, ಭಿಕ್ಷುಕ ಎಲ್ಲರೂ ಗೋದಲಿಗೆ ಬಂದರು. ಅದು ಅರಮನೆಯ ಸೊತ್ತಾಗಿಯೇ ಉಳಿಯದೆ ಬಡವರ ಮನೆಗೂ ಬರುವಂತೆ ಶ್ರಮಿಸಿದವರು ದೊಮಿನಿಕನ್ ಸಭೆಯ ಗುರು ರೊಕ್ಕೊ ಅವರು.

ಇಂದಿಗೂ ಸಾನ್ ಗ್ರೆಗೋರಿಯೊ ಅರ್ಮೇನೊ ಎಂಬ ಇಕ್ಕಟ್ಟಾದ ಬೀದಿಯಲ್ಲಿ ಈ ಕುಶಲಕರ್ಮಿಗಳ ಅಂಗಡಿಗಳು ವರ್ಷವಿಡೀ ತೆರೆದಿರುತ್ತವೆ. ಕುರುಬರ ಪಕ್ಕದಲ್ಲಿಯೇ ಫುಟ್ಬಾಲ್ ವೀರ ಮರಡೋನಾನ ಗೊಂಬೆಯೂ ಮಾರಾಟಕ್ಕಿರುತ್ತದೆ. ಇದು ಅಪಚಾರವೆಂದು ಮೂಗು ಮುರಿಯುವವರುಂಟು. ನಾನೂ ಒಮ್ಮೆ ಹಾಗೆಯೇ ಭಾವಿಸಿದ್ದೆ. ದೇವರು ಮನುಷ್ಯರಾದುದು ಸಂತೆಯ ಗದ್ದಲವಿಲ್ಲದ ಯಾವುದೋ ಪರಿಶುದ್ಧ ಲೋಕದಲ್ಲಿ ಅಲ್ಲವಲ್ಲ ಎಂಬುದು ತಡವಾಗಿ ಹೊಳೆಯಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಗೋದಲಿಯಲ್ಲಿರುವ ಛತ್ರ. ಮಿಖೇಲೆ ಕುಚಿನಿಯೆಲ್ಲೊ ಎಂಬವರು 1879ರಲ್ಲಿ ದಾನವಿತ್ತ ಪ್ರಸಿದ್ಧ ಗೋದಲಿ ಸಂತ ಮಾರ್ಟಿನರ ಹಳೆಯ ಮಠದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಬಾಲಯೇಸು ಜನಿಸುವುದು ಕುಸಿದುಬಿದ್ದ ಅನ್ಯದೇವತೆಯ ಗುಡಿಯೊಂದರ ಕಂಬಗಳ ನಡುವೆ. ಛತ್ರದಲ್ಲಾದರೋ ಊಟ, ಪಾನ, ಸಂಭ್ರಮ! ನೇಪಲ್ಸಿನ ಕಲಾವಿದರು ತಮ್ಮ ಕೌಶಲವನ್ನೆಲ್ಲ ಧಾರೆಯೆರೆದದ್ದು ಈ ಛತ್ರಗಳಿಗೇ. ಶುಭಸಂದೇಶಕರ್ತ ಲೂಕರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ ಆ ಸ್ಥಳಾಭಾವವನ್ನು ಅವರು ಎಲ್ಲರಿಗೂ ಕಾಣುವಂತೆ ಬಿಡಿಸಿಟ್ಟರು. ಛತ್ರದೊಳಗಿನವರು ದುಷ್ಟರಲ್ಲ, ಉಣ್ಣುತ್ತಿದ್ದಾರೆ, ಅಷ್ಟೆ. ಡಿಸೆಂಬರ್ 24ರ ರಾತ್ರಿ ಮಾಂಸವನ್ನು ವರ್ಜಿಸಿ, ಒಣಮೀನು, ಹಾವುಮೀನು, ಜೇನಿನಲ್ಲಿ ಅದ್ದಿದ ಸ್ತ್ರುಫೊಲಿ ಎಂಬ ಸಿಹಿಯುಂಡೆಗಳೊಂದಿಗೆ ಊಟಕ್ಕೆ ಕುಳಿತ ಕುಟುಂಬದ ಎದುರಿಗೇ ಆ ಛತ್ರವಿರುತ್ತದೆ. ಪ್ರತಿವರ್ಷ ಮನೆಮನೆಯ ಗೋದಲಿಗಳನ್ನು ಆಶೀರ್ವದಿಸಲು ಹೋಗಿ, ಬಿಡದೆ ಬಡಿಸಿದ್ದನ್ನೆಲ್ಲ ಉಂಡು ಬರುವ ನನಗೆ ಇದು ಚುಚ್ಚದಿರುವುದಿಲ್ಲ.

1980ರ ನವೆಂಬರ್ 23ರ ಭೂಕಂಪ ಆ ನಗರವನ್ನೂ ನಡುಗಿಸಿತು. ಕ್ರಿಸ್ತಜಯಂತಿಗೆ ಒಂದೇ ತಿಂಗಳಿರುವಾಗ ಆ ಪ್ರಾಂತ್ಯದ ಲಕ್ಷಾಂತರ ಜನ ಮನೆಯಿಲ್ಲದವರಾದರು. ಆ ವರ್ಷ ಛತ್ರದಲ್ಲಿ ಸ್ಥಳವಿಲ್ಲ ಎಂಬ ವಾಕ್ಯವನ್ನು ಬಲಿಪೂಜೆಯಲ್ಲಿ ಓದಿದ ಗುರುಗಳಿಗೆ ವ್ಯಾಖ್ಯಾನ ಬೇಕಾಗಿರಲಾರದು.

ನಾನು ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ಸಂತ ಥಾಮಸ್ ಅಕ್ವಿನಾಸರು ಬೋಧಿಸುತ್ತಿದ್ದ ದೊಮಿನಿಕನ್ ಮಠವೂ ಈ ಗೊಂಬೆಗಳ ಬೀದಿಗೆ ಹತ್ತಿರದಲ್ಲಿಯೇ ಇದೆ. 1273ರ ಡಿಸೆಂಬರ್ 6ರಂದು, ಆಗಮನ ಕಾಲದಲ್ಲಿ, ಬಲಿಪೂಜೆಯ ನಂತರ ಅವರು ಲೇಖನಿಯನ್ನು ಕೆಳಗಿಟ್ಟರು. ತಾವು ಬರೆದುದೆಲ್ಲ ತಮಗೀಗ ಹುಲ್ಲಿನಂತೆ ತೋರುತ್ತಿದೆ ಎಂದರಂತೆ. ಹುಲ್ಲು! ಗೋದಲಿಗೆ ಬೇಕಾದದ್ದೂ ಅದೇ ಅಲ್ಲವೆ?

ಅದೇ ನೆಲದ ಮತ್ತೊಬ್ಬ ಮಹಾಪಂಡಿತರು ಸಂತ ಅಲ್ಫೋನ್ಸ್ ಲಿಗೋರಿ. ವಕೀಲಿ ತೊರೆದು ಗುರುವಾದ ಅವರು 1732ರಲ್ಲಿ ರಿಡೆಂಪ್ಟರಿಸ್ಟ್ ಸಭೆಯನ್ನು ಸ್ಥಾಪಿಸಿದರು. ನಮ್ಮಲ್ಲಿ ನಿತ್ಯಸಹಾಯ ಮಾತೆಯ ನೊವೆನಾವನ್ನು ಹಬ್ಬಿಸಿದವರು ಈ ಸಭೆಯವರೇ. ನೀತಿಶಾಸ್ತ್ರದ ಬೃಹತ್ ಗ್ರಂಥಗಳನ್ನು ಬರೆದ ಅದೇ ಕೈ, ಮೀನು ಮಾರುವವರಿಗೂ ಅರ್ಥವಾಗಲೆಂದು ನೇಪಲ್ಸಿನ ಆಡುನುಡಿಯಲ್ಲಿ ಕ್ರಿಸ್ತಜಯಂತಿಯ ಹಾಡನ್ನು ರಚಿಸಿತು.

ಮಧ್ಯರಾತ್ರಿಯವರೆಗೆ ಆ ಮನೆಗಳ ಗೋದಲಿಯ ಮೇವುತೊಟ್ಟಿ ಬರಿದಾಗಿರುತ್ತದೆ. ಗಂಟೆ ಬಾರಿಸಿದಾಗ ಮನೆಯ ಅತಿ ಕಿರಿಯ ಮಗು ಬಾಲಯೇಸುವನ್ನು ಎರಡೂ ಕೈಗಳಲ್ಲಿ ಹೊತ್ತು ತರುತ್ತದೆ. ಹಿರಿಯರು ಹಾಡುತ್ತ ಹಿಂಬಾಲಿಸುತ್ತಾರೆ. ಮೂರು ರಾಯರು ಇನ್ನೂ ದೂರದ ಗುಡ್ಡದ ಮೇಲಿರುತ್ತಾರೆ. ಅವರನ್ನು ದಿನಕ್ಕಿಷ್ಟಿಷ್ಟು ಮುಂದೆ ಸರಿಸುತ್ತ, ಜನವರಿ 6ಕ್ಕೆ ಬಾಲಯೇಸುವಿನ ಮುಂದೆ ತಂದು ನಿಲ್ಲಿಸುತ್ತಾರೆ.