'ಹಾಕು' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು?

ಇಂಗ್ಲಿಷ್ ಕಲಿಯಲು ಮೊದಲು ಬೇಕಾದುದು ದೊಡ್ಡ ದೊಡ್ಡ ಪದಗಳಲ್ಲ, ಹತ್ತಿಪ್ಪತ್ತು ಪುಟ್ಟ ಕ್ರಿಯಾಪದಗಳು. ಅವುಗಳ ಗುಟ್ಟು ತಿಳಿಯಲು ಮನೆಯಲ್ಲಿ ಆಡುವ ಕನ್ನಡವೇ ನೆರವಾಗುತ್ತದೆ.

ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ. ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಮೊದಲ ವಾರದಲ್ಲೇ ಒಂದು ದಿನ ತರಗತಿಗೆ ಹತ್ತು ನಿಮಿಷ ತಡವಾಗುತ್ತದೆ. ಬಾಗಿಲಲ್ಲಿ ನಿಂತವಳನ್ನು ಉಪನ್ಯಾಸಕರು ಇಂಗ್ಲಿಷಿನಲ್ಲಿ ಕೇಳುತ್ತಾರೆ: ಯಾಕೆ ತಡ? ಪ್ರಶ್ನೆ ಅವಳಿಗೆ ಅರ್ಥವಾಗಿದೆ. ಉತ್ತರವೂ ಗೊತ್ತಿದೆ: 'ಬಸ್ಸು ಸಿಗಲಿಲ್ಲ'. ಆದರೆ ಆ 'ಸಿಗು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಅಂದಿನಿಂದ ಅವಳ ಜಾಗ ಕೊನೆಯ ಬೆಂಚು. ಅಂದಿನಿಂದ ಅವಳು ಯಾವ ಸಂದೇಹವನ್ನೂ ಕೇಳುವುದಿಲ್ಲ.

ವಿಚಿತ್ರವೆಂದರೆ, ದ್ಯುತಿಸಂಶ್ಲೇಷಣೆಗೆ 'ಫೋಟೋಸಿಂಥೆಸಿಸ್' ಎನ್ನುತ್ತಾರೆಂದು ಆಕೆಗೆ ಗೊತ್ತು. ಗೊತ್ತಿಲ್ಲದ್ದು 'ಗೆಟ್' ಎಂಬ ಒಂದೇ ಒಂದು ಪುಟ್ಟ ಪದ. 'ಐ ಡಿಡ್ ನಾಟ್ ಗೆಟ್ ದ ಬಸ್' ಎಂದಿದ್ದರೆ ಮುಗಿಯುತ್ತಿತ್ತು!

ಇಂಥ ಹುಡುಗಿಯರು, ಹುಡುಗರು ಪ್ರತಿ ವರ್ಷವೂ ಕಾಲೇಜಿನ ಮೆಟ್ಟಿಲು ಹತ್ತುತ್ತಾರೆ. ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. 2007 ರಿಂದ ಅದು ಒಂದನೆಯ ತರಗತಿಗೇ ಬಂತು. ಆದರೂ ಬಾಯಿ ತೆರೆಯುವ ಧೈರ್ಯ ಎಲ್ಲರಿಗೂ ಬಂದಿಲ್ಲ. 'ನಮಗೇ ಇಂಗ್ಲಿಷ್ ಬಾರದು, ಮಕ್ಕಳಿಗೆ ಏನು ಹೇಳಿಕೊಡೋಣ' ಎಂದು ಹೆತ್ತವರು ಸಾಲ ಮಾಡಿಯಾದರೂ ಟ್ಯೂಷನ್ನಿಗೆ ಕಳುಹಿಸುತ್ತಾರೆ. ಅಲ್ಲಿ ಮತ್ತೆ ಅದೇ ಪದಗಳ ಪಟ್ಟಿ, ಅದೇ ಬಾಯಿಪಾಠ.

ಪಟ್ಟಿ ಎಷ್ಟು ಉದ್ದವಿರಬೇಕು?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ತಲೆಗೆ ಹಚ್ಚಿಕೊಂಡವರಿದ್ದಾರೆ. ಇಂಗ್ಲೆಂಡಿನ ಸಿ. ಕೆ. ಆಗ್ಡೆನ್ ಎಂಬ ವಿದ್ವಾಂಸರು 1930 ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ ಯೋಜನೆಯನ್ನು ಪ್ರಕಟಿಸಿದರು. ಅದರಲ್ಲಿ ಒಟ್ಟು 850 ಪದಗಳು ಮಾತ್ರ. ವಸ್ತು, ವಿಷಯಗಳ ಹೆಸರು 600, ಗುಣವಾಚಕಗಳು 150. ಉಳಿದ 100 ರಲ್ಲಿ ಕ್ರಿಯಾಪದಗಳು ಎಷ್ಟು ಗೊತ್ತೆ? ಬರೀ 18! ಬಾ, ಹೋಗು, ಕೊಡು, ತೆಗೆದುಕೊ, ಇಡು, ಮಾಡು, ಹೇಳು, ನೋಡು, ಕಳುಹಿಸು ಇತ್ಯಾದಿ ಅರ್ಥ ಕೊಡುವ 'ಕಮ್', 'ಗೋ', 'ಗಿವ್', 'ಟೇಕ್', 'ಪುಟ್', 'ಡು', 'ಸೇ', 'ಸೀ', 'ಸೆಂಡ್' ಮುಂತಾದವು. 'ಎಂಟರ್' ಎಂಬ ಪದ ಬೇಕಿಲ್ಲ, 'ಗೋ ಇನ್' ಸಾಕು. ಹತ್ತುವುದಕ್ಕೆ 'ಗೋ ಅಪ್', ಪ್ರಶ್ನೆ ಕೇಳುವುದಕ್ಕೆ 'ಪುಟ್ ಎ ಕ್ವೆಶ್ಚನ್' ಸಾಕು ಎಂಬುದು ಆಗ್ಡೆನ್ನರ ವಾದ. 1943 ರಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ ಈ ಯೋಜನೆಯನ್ನು ಹೊಗಳಿದ್ದುಂಟು.

ಯೋಜನೆ ಕೊನೆಗೆ ನಿಲ್ಲಲಿಲ್ಲ. 'ನನಗೆ ಬೇಕು' ಎನ್ನಲು ನೆಟ್ಟಗೆ 'ವಾಂಟ್' ಎನ್ನುವ ಬದಲು ಸುತ್ತಿ ಬಳಸಿ ಹೇಳಬೇಕಾದರೆ ಯಾರಿಗೆ ತಾನೇ ರುಚಿಸೀತು? ಆದರೆ ಅದು ತೋರಿಸಿಕೊಟ್ಟ ಸತ್ಯ ಉಳಿಯಿತು: ಸಣ್ಣ ಕ್ರಿಯಾಪದಗಳೇ ಇಂಗ್ಲಿಷಿನ ಬೆನ್ನೆಲುಬು.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್ ಎಂಬವರು, ಮಕ್ಕಳಿಗೆ ಹೆಚ್ಚು ಬಳಕೆಯ ಪದಗಳನ್ನು ಮೊದಲು ಕಲಿಸಬೇಕೆಂದು ಹೊಸ ಪಠ್ಯಮಾಲೆಯನ್ನೇ ರೂಪಿಸಿದರು. ಅವರು 1953 ರಲ್ಲಿ ಹೊರತಂದ ಸುಮಾರು 2000 ಪದಗಳ ಪಟ್ಟಿ ಜಗತ್ತಿನಾದ್ಯಂತ ಪಠ್ಯಪುಸ್ತಕ ಬರೆಯುವವರಿಗೆ ಕೈಪಿಡಿಯಾಯಿತು. ಪದ ಎಷ್ಟು ಸಲ ಬರುತ್ತದೆ ಎಂಬುದಷ್ಟೇ ಅಲ್ಲ, ಅದರ ಯಾವ ಅರ್ಥ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು.

ಅರ್ಥದ ಲೆಕ್ಕ ಯಾಕೆ ಬೇಕು? ಪದ ಚಿಕ್ಕದಾದಷ್ಟೂ ಅದರ ಸಂಸಾರ ದೊಡ್ಡದು! 1989 ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪದ 'ಸೆಟ್'. ಮುಂದಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿತು. ಅದರ ಅರ್ಥಛಾಯೆಗಳು ಆರುನೂರಕ್ಕೂ ಹೆಚ್ಚು.

ಅಡುಗೆಮನೆಯ 'ಹಾಕು'

ಆರುನೂರು ಎಂದೊಡನೆ ಎದೆಗುಂದಬೇಕಿಲ್ಲ. ಕನ್ನಡದ ಮಗುವೂ ಶಾಲೆಗೆ ಹೋಗುವ ಮೊದಲೇ ಇಂಥದೇ ಸಾಹಸ ಮಾಡಿರುತ್ತದೆ. 'ಹಾಕು' ಎಂಬ ಪದವನ್ನೇ ನೋಡಿ. ಸಾರಿಗೆ ಉಪ್ಪು ಹಾಕು. ಬಾಗಿಲು ಹಾಕು. ಬೀಗ ಹಾಕು. ಅಂಗಿ ಹಾಕಿಕೊ. ಲೈಟು ಹಾಕು. ದನಕ್ಕೆ ಹುಲ್ಲು ಹಾಕು. ಅರ್ಜಿ ಹಾಕು. ಓಟು ಹಾಕು. ಇವನ್ನು ಯಾವ ಮಗುವೂ ಬಾಯಿಪಾಠ ಮಾಡಿದ್ದಲ್ಲ. ಕೇಳಿ ಕೇಳಿ ಕಲಿತದ್ದು.

ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದಗಳು. ಉಪ್ಪಿಗೆ 'ಪುಟ್' ಅಥವಾ 'ಆ್ಯಡ್', ಬಾಗಿಲಿಗೆ 'ಶಟ್', ಬೀಗಕ್ಕೆ 'ಲಾಕ್', ಅಂಗಿಗೆ 'ಪುಟ್ ಆನ್', ಲೈಟಿಗೆ 'ಸ್ವಿಚ್ ಆನ್', ದನಕ್ಕೆ 'ಫೀಡ್', ಅರ್ಜಿಗೆ 'ಅಪ್ಲೈ', ಓಟಿಗೆ ಬರೀ 'ವೋಟ್'. ಹಾಕು ಎಂದರೆ 'ಪುಟ್' ಎಂದಷ್ಟೇ ಕಲಿತ ಹುಡುಗ 'ಪುಟ್ ದ ಡೋರ್' ಎನ್ನುತ್ತಾನೆ. ಅವನದು ದಡ್ಡತನವಲ್ಲ. ಒಂದು ಪದಕ್ಕೆ ಒಂದೇ ಅರ್ಥ ಎಂದು ಕಲಿಸಿದ ಪಟ್ಟಿಯ ತಪ್ಪು.

'ಕೇಳು' ಇನ್ನೂ ತಮಾಷೆಯದು. ಪ್ರಶ್ನೆ ಕೇಳಿದರೆ 'ಆಸ್ಕ್', ಸದ್ದು ಕೇಳಿಸಿದರೆ 'ಹಿಯರ್', ಗಮನವಿಟ್ಟು ಹಾಡು ಕೇಳಿದರೆ 'ಲಿಸನ್'. ಹಾಗೆಯೇ 'ನೋಡು': ಕಣ್ಣಿಗೆ ಬಿದ್ದರೆ 'ಸೀ', ಬೇಕೆಂದೇ ಕಣ್ಣು ಹಾಯಿಸಿದರೆ 'ಲುಕ್', ಕ್ರಿಕೆಟ್ ಪಂದ್ಯವನ್ನು ಕೊನೆಯವರೆಗೆ ಕುಳಿತು ನೋಡಿದರೆ 'ವಾಚ್'.

ಎಲ್ಲ ಕಡೆಯೂ ಇಂಗ್ಲಿಷೇ ಹೆಚ್ಚು ಪದ ಬಳಸುತ್ತದೆ ಎಂದೇನಿಲ್ಲ. ಪುಸ್ತಕವನ್ನು 'ತಾ' ಎನ್ನುವ ಕನ್ನಡಿಗರು ತಂಗಿಯನ್ನು 'ಕರೆದುಕೊಂಡು ಬಾ' ಎನ್ನುತ್ತಾರೆ. ವಸ್ತುವಿಗೆ ಒಂದು, ಮನುಷ್ಯರಿಗೆ ಇನ್ನೊಂದು. ಇಂಗ್ಲಿಷಿಗೆ ಈ ಭೇದವಿಲ್ಲ, ಎರಡಕ್ಕೂ 'ಬ್ರಿಂಗ್'. 'ಗೆಟ್' ಒಂದೇ ಕನ್ನಡದ ಹತ್ತು ಪದಗಳ ಕೆಲಸ ಮಾಡುತ್ತದೆ. ಕಾಗದ ಬಂದರೆ 'ಗೆಟ್', ನಿದ್ದೆಯಿಂದ ಎದ್ದರೆ 'ಗೆಟ್ ಅಪ್', ಬಸ್ಸು ಹತ್ತಿದರೆ 'ಗೆಟ್ ಆನ್', ಇಳಿದರೆ 'ಗೆಟ್ ಆಫ್', ಮಳೆಯಲ್ಲಿ ನೆನೆದರೆ 'ಗೆಟ್ ವೆಟ್', ಕಾಯಿಲೆ ವಾಸಿಯಾದರೆ 'ಗೆಟ್ ವೆಲ್', ಮನೆ ತಲುಪಿದರೆ 'ಗೆಟ್ ಹೋಮ್'.

'ನನಗೆ' ಹೋಗಿ 'ಐ' ಬರುವುದು

ಕನ್ನಡದ ಮಕ್ಕಳು ಹೆಚ್ಚು ಎಡವುವ ಇನ್ನೊಂದು ಜಾಗವಿದೆ. ಕನ್ನಡದಲ್ಲಿ ಹಸಿವು, ಜ್ವರ, ಆಸೆ, ತಿಳಿವಳಿಕೆ ಇವೆಲ್ಲ ಮನುಷ್ಯನ ಬಳಿಗೆ ಬರುವಂಥವು. ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಬೇಕು, ನನಗೆ ಗೊತ್ತು, ನನಗೆ ಇಷ್ಟ. ಇಂಗ್ಲಿಷಿನಲ್ಲಿ ಆ ಮನುಷ್ಯನೇ ಯಜಮಾನ. 'ಐ ಆ್ಯಮ್ ಹಂಗ್ರಿ', 'ಐ ಹ್ಯಾವ್ ಫೀವರ್', 'ಐ ವಾಂಟ್', 'ಐ ನೋ', 'ಐ ಲೈಕ್'. ಈ ಒಂದು ಸೂತ್ರ ನೆನಪಿಟ್ಟರೆ ಎಷ್ಟೋ ವಾಕ್ಯಗಳು ತಾವಾಗಿ ಬರುತ್ತವೆ: ಕನ್ನಡದಲ್ಲಿ 'ನನಗೆ' ಎಂದು ಶುರುವಾಗುವ ಇಂಥ ಮಾತು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಐ' ಎಂದು ಶುರುವಾಗುತ್ತದೆ. ಜೊತೆಗೆ ಒಂದು ಎಚ್ಚರಿಕೆ: 'ಐ ಆ್ಯಮ್ ನೋಯಿಂಗ್' ಎನ್ನಬಾರದು. ತಿಳಿವಳಿಕೆ ಓಟದಂತೆ ನಡೆಯುತ್ತಿರುವ ಕೆಲಸವಲ್ಲ, ಇರುವ ಸ್ಥಿತಿ. ಆದ್ದರಿಂದ 'ಐ ನೋ' ಅಷ್ಟೇ.

'ಹ್ಯಾವ್' ಎಂಬುದಕ್ಕೆ ಕನ್ನಡದಲ್ಲಿ ನೇರವಾದ ಒಂದು ಕ್ರಿಯಾಪದವೇ ಇಲ್ಲ. ನನ್ನ ಹತ್ತಿರ ಪೆನ್ನು ಇದೆ, ನನಗೆ ಇಬ್ಬರು ತಂಗಿಯರಿದ್ದಾರೆ ಎಂದು 'ಇರು' ಎಂಬುದರಿಂದಲೇ ಕನ್ನಡ ಸಂಸಾರ ನಡೆಸುತ್ತದೆ. 'ಇವನು ನನ್ನ ತಮ್ಮ' ಎಂಬಲ್ಲಿ ಅದೂ ಬೇಡ, ಕ್ರಿಯಾಪದವಿಲ್ಲದೆಯೇ ವಾಕ್ಯ ಪೂರ್ತಿ. ಇಂಗ್ಲಿಷಿಗೆ ಅದು ಆಗದು. 'ಹೀ ಈಸ್ ಮೈ ಬ್ರದರ್' ಎಂದು ನಡುವೆ ಒಂದು 'ಈಸ್' ಬೇಕೇ ಬೇಕು. ಮಕ್ಕಳು ಅದನ್ನು ಬಿಟ್ಟು ಬರೆಯುವುದು ಇದೇ ಕಾರಣಕ್ಕೆ.

ಕ್ರಮ ತಪ್ಪಿದ ಪದಗಳು

'ಗೋ' ಎಂಬುದು ಭೂತಕಾಲದಲ್ಲಿ 'ವೆಂಟ್' ಯಾಕಾಗಬೇಕು? 'ಗೋಡ್' ಯಾಕಾಗಬಾರದು? ಮಕ್ಕಳ ಈ ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷಿನಲ್ಲಿ ಹೀಗೆ ಕ್ರಮ ತಪ್ಪಿ ನಡೆಯುವ ಕ್ರಿಯಾಪದಗಳು ಸುಮಾರು 200. ಅತಿ ಹೆಚ್ಚು ಬಳಕೆಯಾಗುವ 'ಬಿ', 'ಹ್ಯಾವ್', 'ಡು', 'ಸೇ', 'ಗೆಟ್', 'ಮೇಕ್', 'ಗೋ', 'ನೋ', 'ಟೇಕ್', 'ಸೀ' ಎಲ್ಲವೂ ಅದೇ ಗುಂಪಿನವು! ಕಾರಣವಿಷ್ಟೇ. ಅಪರೂಪದ ಪದದ ಹಳೆಯ ರೂಪವನ್ನು ಜನ ಮರೆಯುತ್ತಾರೆ, ಅದು ಹೊಸ ಕ್ರಮಕ್ಕೆ ಹೊಂದಿಕೊಳ್ಳುತ್ತದೆ. ದಿನವೂ ನಾಲಗೆಯ ಮೇಲಿರುವ ಪದದ ಹಳೆಯ ರೂಪ ಸವೆಯುವುದಿಲ್ಲ.

ಕನ್ನಡವೂ ಹೀಗೆಯೇ. ಮಾಡು ಮಾಡಿದ, ಓದು ಓದಿದ ಎಂಬುದು ಕ್ರಮ. ಆದರೆ ಕೊಡು ಎಂಬುದು ಕೊಟ್ಟ, ಬಾ ಎಂಬುದು ಬಂದ, ಹೋಗು ಎಂಬುದು ಹೋದ, ನಗು ಎಂಬುದು ನಕ್ಕ. ಪುಟ್ಟ ಮಗು ಬಾಯಿತಪ್ಪಿ 'ಕೊಡಿದ' ಎಂದರೆ ಯಾರೂ ಬೆತ್ತ ಹಿಡಿಯುವುದಿಲ್ಲ. 'ಕೊಟ್ಟ ಅನ್ನು ಪುಟ್ಟಾ' ಎಂದು ಅಜ್ಜಿ ನಗುತ್ತ ತಿದ್ದುತ್ತಾಳೆ. ಇಂಗ್ಲಿಷ್ ಕಲಿಯುವ ಮಗುವಿಗೂ ಅದೇ ಅಜ್ಜಿ ಬೇಕು. ತಪ್ಪಿಗೆ ನಗುವ ಹಿಂದಿನ ಬೆಂಚು ಬೇಡ.

ಹೆತ್ತವರಿಗೆ ಒಂದು ಕೆಲಸ

ಇಂಗ್ಲಿಷ್ ಬಾರದ ತಾಯಿ ತಂದೆ ಮಕ್ಕಳ ಇಂಗ್ಲಿಷಿಗೆ ನೆರವಾಗಬಲ್ಲರೇ? ಖಂಡಿತ. ಒಂದು ನೋಟುಪುಸ್ತಕ ತೆಗೆಯಿರಿ. ದಿನಕ್ಕೆ ಒಂದೇ ಒಂದು ಕನ್ನಡ ಕ್ರಿಯಾಪದ ಆರಿಸಿ. ಇವತ್ತು 'ಹಾಕು', ನಾಳೆ 'ತೆಗೆ', ನಾಡಿದ್ದು 'ಬಿಡು'. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಆ ಪದ ಎಷ್ಟು ಬಗೆಯಲ್ಲಿ ಬಂತು ಎಂದು ಎಲ್ಲರೂ ಗಮನಿಸಲಿ. ರಾತ್ರಿ ಊಟವಾದ ಮೇಲೆ ಅಮ್ಮ ಹೇಳಲಿ, ಮಗ ಅಥವಾ ಮಗಳು ಬರೆದುಕೊಳ್ಳಲಿ. ಬಾಗಿಲು ತೆಗೆ, ಫೋಟೋ ತೆಗೆ, ಬ್ಯಾಂಕಿನಿಂದ ಹಣ ತೆಗೆ, ಒಳ್ಳೆಯ ಅಂಕ ತೆಗೆ. ಮರುದಿನ ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಏನೆಂದು ಶಿಕ್ಷಕರನ್ನು ಕೇಳಲಿ, ಇಲ್ಲವೇ ನಿಘಂಟು ತೆರೆದು ನೋಡಲಿ. ಒಂಟಿ ಪದವನ್ನಲ್ಲ, ಇಡೀ ಪುಟ್ಟ ವಾಕ್ಯವನ್ನು ಬರೆಯಲಿ, ಎರಡು ಸಲ ಗಟ್ಟಿಯಾಗಿ ಹೇಳಲಿ.

ವಾರಕ್ಕೆ ಏಳು ಪದ ಎಂದರೆ ಎರಡು ತಿಂಗಳಲ್ಲಿ ಐವತ್ತು ದಾಟುತ್ತದೆ. ಇದಕ್ಕೆ ಖರ್ಚು ಒಂದು ನೋಟುಪುಸ್ತಕ, ಒಂದು ಪೆನ್ನು. ಹೆಚ್ಚಿನ ಲಾಭ ಇನ್ನೊಂದಿದೆ. ತನ್ನ ತಾಯಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದ ಮಗುವಿಗೆ, ಅವಳ ಬಾಯಲ್ಲಿ 'ಹಾಕು' ಎಂಬ ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ತಿಳಿಯುತ್ತದೆ. ಅವಳ ಭಾಷೆಯೇ ತನ್ನ ಇಂಗ್ಲಿಷಿಗೆ ಏಣಿ ಎಂದು ಗೊತ್ತಾದ ಮಗು ಎರಡನ್ನೂ ಕಡೆಗಣಿಸುವುದಿಲ್ಲ.

ಕೊನೆಗೆ ಒಂದು ಮಾತು. ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳು ಹೊಸಿಲು ದಾಟುವಾಗ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಮ್ಮಾ' ಎನ್ನುತ್ತಾಳೆ. ಹೋಗುತ್ತೇನೆ ಎನ್ನಬಾರದು ಎಂಬುದು ಮನೆಯ ಸಂಸ್ಕಾರ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕಾಲೇಜಿನಲ್ಲಿ ಗೆಳತಿಯನ್ನು ಬೀಳ್ಕೊಡುವಾಗ 'ಐ ಆ್ಯಮ್ ಕಮಿಂಗ್' ಎಂದರೆ, ಆ ಗೆಳತಿ ಜೊತೆಗೆ ಬರುತ್ತಾಳೆಂದು ಕಾಯುತ್ತ ನಿಂತಾಳು! ಅಲ್ಲಿ 'ಗೋಯಿಂಗ್' ಎನ್ನಬೇಕು, ಮನೆಯಲ್ಲಿ 'ಬರ್ತೀನಿ' ಎನ್ನಬೇಕು. ಯಾವುದು ಎಲ್ಲಿ ಎಂದು ತಿಳಿದವಳು ಕೊನೆಯ ಬೆಂಚಿನಲ್ಲಿ ಬಹಳ ದಿನ ಕೂರುವುದಿಲ್ಲ.