ಬ್ರೇಕು ಹಿಡಿದಾಗ ಕಾರು ಒಂದು ಬದಿಗೆ ಎಳೆಯುವುದೇಕೆ?

ಕೋಲಾರದಿಂದ ಮುಳಬಾಗಿಲಿಗೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಟೊಮೆಟೊ ಹೇರಿದ ಲಾರಿಗಳ ನಡುವೆ ಓಡುವ ಕಾರೊಂದು ಬ್ರೇಕು ಹಿಡಿದೊಡನೆ ಬಲಕ್ಕೆ ಸರಿದರೆ ಪಕ್ಕದ ವಾಹನಕ್ಕೆ ತಗಲುವುದು. ಎಡಕ್ಕೆ ಸರಿದರೆ ಅಂಚಿನಲ್ಲಿ ನಡೆಯುವವರ ಮೇಲೆ ಹಾಯುವುದು. ಮಾಲೂರು, ಶ್ರೀನಿವಾಸಪುರಗಳ ಕಡೆಯ ಕಿರಿದಾದ ಹಳ್ಳಿರಸ್ತೆಗಳಲ್ಲಿ ಎದುರು ಬರುವ ವಾಹನದ ಭಯವೂ ಸೇರುತ್ತದೆ. ಇಂತಹ ಕಾರಿನ ಸ್ಟೇರಿಂಗನ್ನು ಎದುರು ಬದಿಗೆ ಒತ್ತಿ ಹಿಡಿದು ಓಡಿಸುವುದನ್ನೇ ಕೆಲವರು ಜಾಣತನವೆಂದು ಭಾವಿಸಿದ್ದಾರೆ. ನೆನೆದ ರಸ್ತೆಯಲ್ಲಿ ಆ ಜಾಣತನ ನಡೆಯದು.

ಮೊದಲು ವಿಚಾರಿಸತಕ್ಕದ್ದು, ಕಾರು ಸದಾ ಎಳೆಯುತ್ತದೆಯೋ ಅಥವಾ ಬ್ರೇಕು ಹಿಡಿದಾಗ ಮಾತ್ರವೋ ಎಂಬುದನ್ನು. ಸದಾ ಎಳೆಯುತ್ತಿದ್ದರೆ ಟೈರುಗಳ ಗಾಳಿಯನ್ನೂ ಚಕ್ರಗಳ ಅಲೈನ್‌ಮೆಂಟನ್ನೂ ನೋಡಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟುವುದರಿಂದ, ದೋಷವಿಲ್ಲದ ಕಾರೂ ತುಸು ಎಡಕ್ಕೆ ವಾಲುವುದುಂಟು. ಬ್ರೇಕು ಹಿಡಿದಾಗ ಮಾತ್ರ ಎಳೆದರೆ ದೋಷವು ಬಹುಮಟ್ಟಿಗೆ ಮುಂಚಕ್ರಗಳ ಬ್ರೇಕಿನಲ್ಲಿರುತ್ತದೆ. ನಿಲ್ಲುವಾಗ ಕಾರಿನ ಭಾರವು ಮುಂದಕ್ಕೆ ಸರಿದು, ತಡೆಯುವ ಕೆಲಸದ ಹೆಚ್ಚಿನ ಪಾಲು ಅವುಗಳ ಮೇಲೆಯೇ ಬೀಳುತ್ತದೆ.

ವಿದ್ಯಾರ್ಥಿಗಳು ಪ್ಯಾಸ್ಕಲನ ನಿಯಮವನ್ನು ಪಾಠದಲ್ಲಿ ಓದಿರುತ್ತಾರೆ. ಪೆಡಲನ್ನು ತುಳಿದಾಗ ಬ್ರೇಕ್ ಆಯಿಲಿನ ಒತ್ತಡವು ಎಡಬಲದ ಮುಂಚಕ್ರಗಳೆರಡಕ್ಕೂ ಸಮನಾಗಿ ತಲುಪಬೇಕು. ಆದುದರಿಂದ ವ್ಯತ್ಯಾಸವು ಹುಟ್ಟುವುದು ಪೆಡಲಿನ ಬಳಿಯಲ್ಲಲ್ಲ, ಚಕ್ರದ ಬಳಿ. ಅಲ್ಲಿ ಪಿಸ್ಟನ್ನು ತುಕ್ಕಿನಿಂದ ಬಿಗಿದಿರಬಹುದು, ಕ್ಯಾಲಿಪರು ಜಾರುವ ಪಿನ್ನುಗಳು ಒಣಗಿರಬಹುದು, ಪ್ಯಾಡಿಗೆ ಎಣ್ಣೆ ತಗಲಿರಬಹುದು, ಇಲ್ಲವೇ ರಬ್ಬರ್ ಹೋಸು ಒಳಗೊಳಗೇ ಊದಿ ಮುಚ್ಚಿಕೊಂಡಿರಬಹುದು.

ಎಳೆದ ಬದಿಯಲ್ಲಿಯೇ ದೋಷವೆಂದು ಬಗೆಯುವುದು ಸಾಮಾನ್ಯ. ಆದರೆ ಕಾರು ವಾಲುವುದು ಹೆಚ್ಚು ಹಿಡಿಯುವ ಚಕ್ರದ ಕಡೆಗೆ. ಬಲಕ್ಕೆ ಎಳೆದರೆ ಎಡಚಕ್ರವು ದುರ್ಬಲವಾಗಿರುವ ಸಂಭವವೇ ಹೆಚ್ಚು. ಹೀಗಿರುವಾಗ ಬಲಚಕ್ರವನ್ನು ಬಿಚ್ಚಿ ಫಲವಿಲ್ಲ. ಬ್ರೇಕು ಬಿಟ್ಟ ಮೇಲೂ ಎಳೆತ ಉಳಿದರೆ ಮಾತ್ರ ಎಳೆಯುವ ಬದಿಯ ಚಕ್ರವೇ ಕಚ್ಚಿಕೊಂಡಿದೆ ಎಂದು ಶಂಕಿಸಬೇಕು. ಕೆಲವು ಕಿಲೋಮೀಟರು ಬ್ರೇಕನ್ನು ಆದಷ್ಟು ಕಡಮೆ ಬಳಸಿ ಓಡಿಸಿ, ನಿಲ್ಲಿಸಿ, ಚಕ್ರಗಳ ಸಮೀಪಕ್ಕೆ ಕೈಯೊಡ್ಡಿದರೆ ಕಚ್ಚಿಕೊಂಡ ಚಕ್ರದ ಕಾವು ತಿಳಿಯುತ್ತದೆ. ಮುಟ್ಟಬಾರದು; ಕೈ ಸುಟ್ಟೀತು.

ಮುಂದಿನ ಪರೀಕ್ಷೆ ಮೆಕ್ಯಾನಿಕನದು. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಪೆಡಲನ್ನು ತುಳಿದು ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಬೇಕು. ತಿರುಗದಿದ್ದರೆ ಬ್ಲೀಡಿಂಗ್ ನಿಪ್ಪಲನ್ನು ತುಸು ಸಡಿಲಿಸಬೇಕು. ಆಯಿಲು ಚಿಮ್ಮಿ ಚಕ್ರವು ಬಿಡುವಾದರೆ ಒತ್ತಡವು ಹಿಂದಿರುಗದೆ ಸಿಕ್ಕಿಕೊಂಡಿತ್ತೆಂದೂ, ಬಹುತೇಕ ಹೋಸೇ ಕೆಟ್ಟಿದೆಯೆಂದೂ ಅರ್ಥ. ಆಗಲೂ ಬಿಡದಿದ್ದರೆ ಪಿಸ್ಟನ್ನು ಅಥವಾ ಪಿನ್ನು ಬಿಗಿದಿದೆ. ಈ ಒಂದು ಪರೀಕ್ಷೆಯಿಂದ ಅನಾವಶ್ಯಕವಾಗಿ ಕ್ಯಾಲಿಪರು ಕೊಳ್ಳುವ ಖರ್ಚು ಉಳಿದೀತು. ಬಳಿಕ ಒಳಸೇರಿದ ಗಾಳಿಯನ್ನು ತೆಗೆಯಲೇಬೇಕು.

ಹಳೆಯ ಅಂಬಾಸಡರಿನಂತಹ ಡ್ರಮ್ ಬ್ರೇಕಿನ ಕಾರುಗಳಲ್ಲಿ ವೀಲ್ ಸಿಲಿಂಡರು ಸೋರಿ ಲೈನರು ನೆನೆಯುವುದೂ, ಎರಡು ಬದಿಯ ಅಡ್ಜಸ್ಟ್‌ಮೆಂಟು ಹೆಚ್ಚುಕಡಮೆಯಾಗುವುದೂ ಮುಖ್ಯ ಕಾರಣಗಳು. ಯಾವ ಬಗೆಯ ಬ್ರೇಕಾದರೂ ಪ್ಯಾಡನ್ನಾಗಲಿ ಲೈನರನ್ನಾಗಲಿ ಒಂದೇ ಬದಿಗೆ ಹೊಸದಾಗಿ ಹಾಕಿಸಬಾರದು, ಜೊತೆಯಾಗಿಯೇ ಬದಲಿಸಬೇಕು. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿ ಪಿಸ್ಟನ್ನಿಗೆ ತುಕ್ಕು ಹಿಡಿಸುವುದರಿಂದ, ಅದನ್ನೂ ಸುಮಾರು 2 ವರ್ಷಗಳಿಗೊಮ್ಮೆ ಬದಲಿಸುವುದು ಒಳ್ಳೆಯದು.